ದಸ್ತಗಿರ್ ಸಾಬರ ಡೋಪ್ ಪರೀಕ್ಷೆ

ಮಂಚೇನಹಳ್ಳಿಯ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದ ದಸ್ತಗಿರ್ ಸಾಬರು ಜೀವಮಾನದಲ್ಲಿ ಹೇಳಿದ್ದು ಒಂದೇ ಒಂದು ದೊಡ್ಡ ಸುಳ್ಳು. ಅದನ್ನೂ ನೆಟ್ಟಗೆ ಹೇಳಿ ಮುಗಿಸಲು ಅವರಿಂದ ಆಗಲಿಲ್ಲ. ಸುಳ್ಳಿಗೂ ಒಂದಿಷ್ಟು ರೂಢಿ ಬೇಕು, ಅದು ಅವರಿಗಿರಲಿಲ್ಲ. ಆ ಒಂದು ಸುಳ್ಳಿನಿಂದಲೇ ಅವರ ಹೆಸರು ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಹಬ್ಬಿತು ಎಂದರೆ ಹೊಸಬರು ನಂಬುವುದಿಲ್ಲ.

ಅವರು ಹುಟ್ಟಿದ್ದು ಶಿಡ್ಲಘಟ್ಟದಲ್ಲಿ, ರೇಷ್ಮೆ ನೂಲು ತೆಗೆಯುವವರ ಮನೆಯಲ್ಲಿ. ತಂದೆ ಉಸ್ಮಾನ್ ಸಾಬರು ಕುದಿನೀರಿನಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುತ್ತಿದ್ದರು. ಮಗನೂ ಅದೇ ಬಾಣಲೆಯ ಮುಂದೆ ಕೂರಲಿ ಎಂದು ಅವರ ಆಸೆ. ಮಗನಿಗೋ ಬೆಂದ ಹುಳುವಿನ ವಾಸನೆ ಕಂಡರಾಗದು. ಆ ವಾಸನೆಯಿಂದ ತಪ್ಪಿಸಿಕೊಳ್ಳಲೆಂದೇ ಹಟ ಹಿಡಿದು ಓದಿದರು, ತರಬೇತಿ ಮುಗಿಸಿದರು, ಸರ್ಕಾರಿ ನೌಕರಿಯನ್ನೂ ಹಿಡಿದರು. ಸಿಕ್ಕಿದ್ದು ಮಾತ್ರ ಊರವರ ಮಲ, ಮೂತ್ರ, ಕಫ ಪರೀಕ್ಷಿಸುವ ಕೆಲಸ. ಉಸ್ಮಾನ್ ಸಾಬರು ಇದನ್ನು ನೆನೆನೆನೆದು ಸಾಯುವವರೆಗೂ ನಕ್ಕರು.

ಆಸ್ಪತ್ರೆಯ ಹಿಂಬದಿಯ ಒಂದು ಚಿಕ್ಕ ಕೋಣೆ ದಸ್ತಗಿರ್ ಸಾಬರ ರಾಜ್ಯ. ಒಂದು ಮೇಜು, ಒಂದು ಸೂಕ್ಷ್ಮದರ್ಶಕ, ಒಂದು ಸ್ಪಿರಿಟ್ ದೀಪ, ಒಂದು ಬಾಟಲಿ ನೀಲಿ ದ್ರಾವಣ. ರೋಗಿಗಳು ಪೆನಿಸಿಲಿನ್ ಸೀಸೆಯನ್ನು ತೊಳೆದು ಅದರಲ್ಲಿ ಮೂತ್ರ ತರುತ್ತಿದ್ದರು. ಸಾಬರು ಗಾಜಿನ ಕೊಳವೆಗೆ ನೀಲಿ ದ್ರಾವಣ ಹಾಕಿ ಕಾಯಿಸುವರು, ಎಂಟು ಹನಿ ಮೂತ್ರ ಬಿಡುವರು, ಮತ್ತೆ ಕಾಯಿಸುವರು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಇನ್ನಷ್ಟು, ಇಟ್ಟಿಗೆಯ ಕೆಂಪಿಗೆ ತಿರುಗಿದರೆ ಸಕ್ಕರೆ ಕಾಯಿಲೆ ಗಟ್ಟಿ. ಡಾಕ್ಟರುಗಳು ವರ್ಷಕ್ಕೊಬ್ಬರಂತೆ ವರ್ಗವಾಗಿ ಹೋದರು, ಸಾಬರ ದೀಪ ಅಲ್ಲಿಯೇ ಇತ್ತು. ಸಾಬರು ಬರೆದುಕೊಟ್ಟ ಚೀಟಿ ಎಂದೂ ತಪ್ಪಿಲ್ಲ ಎಂದು ಸುತ್ತಲಿನ ಹತ್ತು ಹಳ್ಳಿಯವರು ನಂಬಿದ್ದರು.

ನಂಬಿಕೆ ಇತ್ತು, ಮರ್ಯಾದೆ ಅಷ್ಟಕ್ಕಷ್ಟೆ. ಮದುವೆ ಮನೆಗಳಲ್ಲಿ ಅವರ ಕೈ ಕುಲುಕಲು ಜನ ಸ್ವಲ್ಪ ಯೋಚಿಸುತ್ತಿದ್ದರು. ಊರಿನ ಮಕ್ಕಳು ಬೆನ್ನ ಹಿಂದೆ ‘ಉಚ್ಚೆ ಸಾಬರು’ ಎನ್ನುತ್ತಿದ್ದವು. ಅದನ್ನೆಲ್ಲ ತಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ ಎಂದು ಹೆಂಡತಿ ಶಹಜಾದಿಯ ಮುಂದೆ ಆಗಾಗ ಹೇಳುತ್ತಿದ್ದರು. ಆಗಾಗ ಹೇಳುತ್ತಿದ್ದರು ಎಂದ ಮೇಲೆ ಮನಸ್ಸಿಗೆ ಎಷ್ಟು ಹತ್ತಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಸಾವಿರದ ಒಂಬೈನೂರ ಎಂಬತ್ತೆಂಟರ ಸೆಪ್ಟೆಂಬರಿನಲ್ಲಿ, ಒಲಿಂಪಿಕ್ಸ್‌ನ ನೂರು ಮೀಟರ್ ಓಟ ಗೆದ್ದವನ ಪದಕವನ್ನು ಮೂರು ದಿನಕ್ಕೆ ಕಿತ್ತುಕೊಂಡರೆಂಬ ಸುದ್ದಿ ಪತ್ರಿಕೆಯಲ್ಲಿ ಬಂತು. ಮೂತ್ರ ಪರೀಕ್ಷೆಯಲ್ಲಿ ಮದ್ದು ಸಿಕ್ಕಿತಂತೆ. ಮಂಚೇನಹಳ್ಳಿಯ ಹೋಟೆಲಿನಲ್ಲಿ ತಿಂಗಳುಗಟ್ಟಲೆ ಅದೇ ಮಾತು. ಯಾವುದು ಮದ್ದು, ಯಾವುದು ಊಟ ಎಂಬುದೇ ಇತ್ಯರ್ಥವಾಗಲಿಲ್ಲ. ಕಾಲು ಸೂಪು ಕುಡಿದು ಓಡಿದರೆ ತಪ್ಪೇ ಎಂದು ಒಬ್ಬ ಕೇಳಿದ. ತೋಳಿಗೆ ತಾಯಿತ ಕಟ್ಟಿಕೊಂಡರೆ ಅದೂ ಹೊರಗಿನ ಶಕ್ತಿಯೇ ಅಲ್ಲವೇ ಎಂದು ಇನ್ನೊಬ್ಬ. ಈ ಮಾತಿನಲ್ಲಿ ದಸ್ತಗಿರ್ ಸಾಬರನ್ನು ಯಾರೂ ಏನೂ ಕೇಳಲಿಲ್ಲ. ಮೂತ್ರದ ವಿಷಯ ಬಂದಾಗಲೂ ತನ್ನನ್ನು ಕೇಳುವವರಿಲ್ಲವಲ್ಲ ಎಂದು ಅವರಿಗೆ ಬೇಸರವಾಯಿತು.

ಕೇಳುವವನು ಡಿಸೆಂಬರಿನಲ್ಲಿ ಬಂದ. ಸೈಕಲ್ ಶಾಪಿನ ಕೊಂಡಪ್ಪ, ಊರಿನ ಯುವಕ ಸಂಘದ ಅಧ್ಯಕ್ಷ. ಸಂಘದವರು ಪ್ರತಿ ಜನವರಿ ಇಪ್ಪತ್ತಾರಕ್ಕೆ ಗೌರಿಬಿದನೂರಿನಿಂದ ಮಂಚೇನಹಳ್ಳಿಗೆ ಓಟದ ಸ್ಪರ್ಧೆ ನಡೆಸುತ್ತಿದ್ದರು. ದೂರ ಹದಿಮೂರೋ ಹದಿನಾಲ್ಕೋ ಕಿಲೋಮೀಟರು, ಅಳೆದವರು ಯಾರೂ ಇರಲಿಲ್ಲ. ಬಹುಮಾನ ಒಂದು ಕೈಗಡಿಯಾರ. ಮೂರು ವರ್ಷದಿಂದ ಆ ಗಡಿಯಾರ ಒಬ್ಬನ ಕೈಗೇ ಹೋಗುತ್ತಿತ್ತು.

ಅವನು ಮಂಡಿಕಲ್ ಕಡೆಯ ಆವುಲಪ್ಪ. ಮೂವತ್ತಾರು ವರ್ಷದ ಸಣಕಲು ಆಳು, ಊರ ಕೆರೆಯ ನೀರುಗಂಟಿ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು ಅವರ ಮನೆತನದ ಕೆಲಸ. ದಿನವೂ ಏರಿಯ ಮೇಲೆ, ಬದುವಿನ ಮೇಲೆ ಓಡಾಡಿದ ಕಾಲು, ಟಾರು ರಸ್ತೆ ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಹಿಂದಿನ ವರ್ಷ ಅವನು ಓಟ ಶುರುವಾಗುವ ಮುಂಚೆ ನಾಲ್ಕು ಸಲ, ದಾರಿಯಲ್ಲಿ ಎರಡು ಸಲ ಪೊದೆಯ ಮರೆಗೆ ಹೋಗಿ ಬಂದಿದ್ದ. ನಿಂತು ನಿಂತು ಓಡಿದವನು ಗೆದ್ದನಲ್ಲ ಎಂದು ಸೋತವರಿಗೆ ಹೊಟ್ಟೆ ಉರಿಯಿತು. ಪೊದೆಯ ಹಿಂದೆ ಇಂಜೆಕ್ಷನ್ ಚುಚ್ಚಿಕೊಳ್ಳುತ್ತಾನೆ ಎಂಬ ಗುಲ್ಲು ಎದ್ದಿತು.

ಅದಕ್ಕೇ ಕೊಂಡಪ್ಪನಿಗೆ ಒಂದು ಡೋಪ್ ಪರೀಕ್ಷೆ ಬೇಕಾಗಿತ್ತು. ಅಂಥ ಪರೀಕ್ಷೆಗೆ ಲಕ್ಷಗಟ್ಟಲೆಯ ಯಂತ್ರ ಬೇಕು, ತನ್ನ ದ್ರಾವಣ ಸಕ್ಕರೆಯನ್ನು ಬಿಟ್ಟು ಇನ್ನೇನನ್ನೂ ತೋರಿಸದು ಎಂದು ಸಾಬರು ತಿಳಿಸಿ ಹೇಳಿದರು. ಕೊಂಡಪ್ಪನಿಗೆ ಅದೆಲ್ಲ ಬೇಕಿರಲಿಲ್ಲ.

“ಹೊಲದಾಗೆ ನಿಲ್ಸೋ ಬೆದರ್ಬೊಂಬೆಗೆ ಜೀವ ಇರ್ಬೇಕಾ ಸಾಬ್ರೆ? ನೀವು ದೀಪ ಹಚ್ಕೊಂಡು ಕೂತ್ಕೊಳ್ಳಿ ಸಾಕು. ಮದ್ದು ತಗೊಂಡೋನು ಹೆದ್ರಿಕೊಂಡು ಹತ್ರಕ್ಕೇ ಬರಲ್ಲ.”

ಸಾಬರು ಆಗದು ಎಂದರು. ಕೊಂಡಪ್ಪ ಎದ್ದು ಹೊರಡುವಂತೆ ಮಾಡಿ, ಕರಪತ್ರದಲ್ಲಿ ‘ಡೋಪ್ ಪರೀಕ್ಷಕರು: ಶ್ರೀ ದಸ್ತಗಿರ್ ಸಾಬ್’ ಎಂದು ಅಚ್ಚು ಹಾಕಿಸಬೇಕೆಂದಿದ್ದೆ, ವೇದಿಕೆಯ ಮೇಲೆ ಸಭೆಯ ಅಧ್ಯಕ್ಷರ ಪಕ್ಕದಲ್ಲಿ ಕುರ್ಚಿ ಹಾಕಿಸಬೇಕೆಂದಿದ್ದೆ, ಹೋಗಲಿ ಬಿಡಿ ಎಂದ. ಸಾಬರು ಅವನನ್ನು ಬಾಗಿಲ ತನಕ ಹೋಗಗೊಟ್ಟು, ಆಮೇಲೆ ಕರೆದರು. ನಲವತ್ತಾರು ವರ್ಷದ ಮನುಷ್ಯ ಒಂದು ಕುರ್ಚಿಗೆ ಬಿದ್ದುಬಿಟ್ಟ ಎಂದು ನಗುವವರು ನಗಲಿ. ಹತ್ತು ವರ್ಷ ಹಿಂಬದಿಯ ಕೋಣೆಯಲ್ಲಿ ಕೂತವರಿಗೇ ಆ ಕುರ್ಚಿಯ ಬೆಲೆ ಗೊತ್ತು.

ಕರಪತ್ರ ಮನೆಗೆ ಬಂದಾಗ ಶಹಜಾದಿ ಅದನ್ನು ಎರಡು ಸಲ ಓದಿಸಿಕೊಂಡು ಕೇಳಿದಳು. ಯಾವ ಯಂತ್ರದಿಂದ ಪರೀಕ್ಷೆ ಮಾಡುತ್ತೀರಿ ಎಂದಳು. ಗಂಡ ಹೇಳಿದ್ದನ್ನು ಕೇಳಿ, ಗಂಜಿಯ ಸೌಟು ಹಿಡಿದುಕೊಂಡೇ ಒಂದು ಮಾತು ಎಸೆದಳು: ಎಲ್ಲರದೂ ನೀಲಿಯಾಗಿ ಉಳಿದರೆ ಸರಿ, ಒಬ್ಬನದು ಬಣ್ಣ ತಿರುಗಿದರೆ ಏನು ಮಾಡುತ್ತೀರಿ? ಸಾಬರು ನಕ್ಕುಬಿಟ್ಟರು. ಸಕ್ಕರೆ ಕಾಯಿಲೆ ಕೂತು ಉಣ್ಣುವ ದೊಡ್ಡ ಹೊಟ್ಟೆಯವರಿಗೆ ಬರುವುದು, ಹದಿನಾಲ್ಕು ಕಿಲೋಮೀಟರು ಓಡುವವರಿಗೆ ಎಲ್ಲಿಂದ ಬರಬೇಕು ಎಂದರು. ತಮ್ಮ ದೀಪದ ಮುಂದೆ ಅಷ್ಟು ವರ್ಷ ಕೂತೂ ಅವರು ಹಾಗೆ ತಿಳಿದಿದ್ದರು.

ಗಣರಾಜ್ಯೋತ್ಸವದ ಬೆಳಿಗ್ಗೆ ಗೌರಿಬಿದನೂರಿನಲ್ಲಿ ನಲವತ್ತೊಂದು ಜನ ಹೆಸರು ಕೊಟ್ಟು ನಿಂತಿದ್ದರು. ಮೊದಲ ಐದು ಜನರ ಮೂತ್ರ ಪರೀಕ್ಷೆಯಾಗುತ್ತದೆ, ಮದ್ದು ತೆಗೆದುಕೊಂಡವನ ದ್ರಾವಣ ಬಣ್ಣ ತಿರುಗುತ್ತದೆ, ಅಂಥವನ ಹೆಸರನ್ನು ಮೈಕಿನಲ್ಲಿ ಸಾರಲಾಗುತ್ತದೆ ಎಂದು ಕೊಂಡಪ್ಪ ಘೋಷಿಸಿದ. ಘೋಷಣೆ ಮುಗಿಯುವುದರೊಳಗೆ ಒಂಬತ್ತು ಜನರಿಗೆ ಹೊಟ್ಟೆನೋವು ಬಂತು. ಇನ್ನೊಬ್ಬ ಮುಂಚೆಯೇ ಒಪ್ಪಿಕೊಳ್ಳುವುದು ವಾಸಿ ಎಂದು ಮುಂದೆ ಬಂದು, ಹಿಂದಿನ ದಿನ ಬಿ-ಕಾಂಪ್ಲೆಕ್ಸ್ ಸೂಜಿ ಹಾಕಿಸಿಕೊಂಡೆ ಎಂದ. ಅವನ ಪ್ರಾಮಾಣಿಕತೆಯನ್ನು ಮೆಚ್ಚಿ ಓಡಲು ಬಿಟ್ಟರು. ಅವನು ಅರ್ಧ ದಾರಿಯಲ್ಲಿ ಕೂತುಬಿಟ್ಟನಂತೆ, ಅದು ಬೇರೆ ವಿಷಯ.

ಮಂಚೇನಹಳ್ಳಿಯ ಶಾಲೆಯ ಮೈದಾನದಲ್ಲಿ ಶಾಮಿಯಾನ. ವೇದಿಕೆಯ ಮೇಲೆ ಸಭೆಯ ಅಧ್ಯಕ್ಷರಾಗಿ ವೆಂಕಟರಾಮಪ್ಪನವರು, ಊರಿನ ದೊಡ್ಡ ಜಮೀನುದಾರರು, ಗಡಿಯಾರ ಕೊಡುವವರೂ ಅವರೇ. ಪಕ್ಕದ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡ ದಸ್ತಗಿರ್ ಸಾಬರು, ಅವರ ಮುಂದೆ ಮೇಜು, ದೀಪ, ನೀಲಿ ದ್ರಾವಣ. ವೆಂಕಟರಾಮಪ್ಪನವರು ಆ ಬಾಟಲಿಯನ್ನು ನೋಡಿದರು, ಸಾಬರ ಮುಖವನ್ನು ನೋಡಿದರು, ಮೀಸೆ ತೀಡಿಕೊಂಡರು. ಆ ದ್ರಾವಣ ಯಾವುದೆಂದು ಇಡೀ ಮೈದಾನದಲ್ಲಿ ಬಲ್ಲವರು ಸಾಬರು, ಕೊಂಡಪ್ಪ, ಅವರ ಜೊತೆಗೆ ಈ ವೆಂಕಟರಾಮಪ್ಪನವರು. ಅವರಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಪ್ರತಿ ಸೋಮವಾರ ಆಸ್ಪತ್ರೆಯ ಹಿಂಬಾಗಿಲಿನಿಂದ ಬಂದು ಸೀಸೆ ಕೊಟ್ಟು ಹೋಗುವರು. ಊರಿಗೆ ಗೊತ್ತಾದರೆ ಮದುವೆ ಮುಂಜಿಗಳಲ್ಲಿ ಒಬ್ಬಟ್ಟು ಬಡಿಸುವುದನ್ನು ನಿಲ್ಲಿಸಿಬಿಡುತ್ತಾರೆ ಎಂದು ಅವರ ಭಯ.

ಓಟದಲ್ಲಿ ಆವುಲಪ್ಪನೇ ಮೊದಲು ಬಂದ. ಈ ಸಲವೂ ದಾರಿಯಲ್ಲಿ ಎರಡು ಕಡೆ ಪೊದೆಯ ಮರೆಗೆ ಹೋಗಿದ್ದನಂತೆ. ಅವನ ಹಿಂದೆ ಐವತ್ತು ಹೆಜ್ಜೆಯಲ್ಲಿ ಗೌರಿಬಿದನೂರಿನ ಮುನಿಗಂಗಪ್ಪ. ಐದೂ ಜನ ಪಂಚೆ ಕಟ್ಟಿದ ಮರೆಗೆ ಹೋಗಿ ಸೀಸೆ ತುಂಬಿಕೊಂಡು ಬಂದರು. ಸೀಸೆಯ ಮೇಲೆ ಪ್ಲಾಸ್ಟರಿನ ಚೂರು ಅಂಟಿಸಿ ನಂಬರು ಬರೆದು, ಸಾಬರು ಐದನೆಯವನಿಂದ ಶುರು ಮಾಡಿದರು.

ಐದನೆಯದು ನೀಲಿ. ಜನ ಚಪ್ಪಾಳೆ ತಟ್ಟಿದರು. ನಾಲ್ಕನೆಯದೂ ನೀಲಿ. ಮೂರನೆಯವನ ಸೀಸೆಯನ್ನು ಕೈಗೆತ್ತಿಕೊಂಡು ಸಾಬರು ಅವನ ಮುಖ ನೋಡಿದ್ದಷ್ಟೆ, ಅವನು ಮೇಜಿನ ಕಾಲು ಹಿಡಿದುಕೊಂಡ. ತಾನು ಯಾವ ಮದ್ದನ್ನೂ ಮುಟ್ಟಿಲ್ಲ, ಆದರೆ ನಡುವೆ ನಾಲ್ಕು ಕಿಲೋಮೀಟರು ಬಸ್ಸಿನಲ್ಲಿ ಬಂದೆ, ಅದಕ್ಕೂ ಇದರಲ್ಲಿ ಬಣ್ಣ ತಿರುಗುತ್ತದೋ ಏನೋ ಎಂದು ಒಪ್ಪಿಕೊಂಡುಬಿಟ್ಟ. ಮೈದಾನ ಬಿದ್ದು ಬಿದ್ದು ನಕ್ಕಿತು. ದೀಪ ಬಸ್ಸನ್ನೂ ಹಿಡಿಯುತ್ತದೆ ಎಂದಾದ ಮೇಲೆ ಸಾಬರ ಮೇಲಿನ ಭಕ್ತಿ ಇನ್ನೂ ಹೆಚ್ಚಿತು. ಕೊಂಡಪ್ಪ ಬೀಗಿದ. ಸುಳ್ಳು ಹೇಳಬೇಕಾದ ಒಂದು ಸಂದರ್ಭವೂ ಬರಲಿಲ್ಲವಲ್ಲ ಎಂದು ಸಾಬರೂ ನಿರಾಳವಾಗಿ ಉಸಿರು ಬಿಟ್ಟರು.

ಮುನಿಗಂಗಪ್ಪನ ಸರದಿಗೆ ಆ ನಿರಾಳ ಅಳಿಸಿಹೋಯಿತು. ಓಟ ಮುಗಿದು ಅರ್ಧ ಗಂಟೆಯಾಗಿದ್ದರೂ ಅವನ ಕೈ ಗಡಗಡ ನಡುಗುತ್ತಿತ್ತು, ಕುತ್ತಿಗೆಯ ನರ ಎದ್ದು ಕುಣಿಯುತ್ತಿತ್ತು. ದಮ್ಮಿನ ರೋಗಿಗಳು ಮಾತ್ರೆ ಹೆಚ್ಚಾಗಿ ನುಂಗಿ ಬಂದಾಗ ಹೀಗೇ ಆಗುವುದನ್ನು ಸಾಬರು ಆಸ್ಪತ್ರೆಯಲ್ಲಿ ಬೇಕಾದಷ್ಟು ಕಂಡಿದ್ದರು. ಇವನು ಒಂದಲ್ಲ, ನಾಲ್ಕೈದು ನುಂಗಿದ್ದಾನೆ ಎಂದು ಮನಸ್ಸು ಹೇಳಿತು. ಕೊಳವೆ ಮಾತ್ರ ಅಚ್ಚ ನೀಲಿ. ಮುನಿಗಂಗಪ್ಪ ಶುದ್ಧ ಎಂದು ಕೊಂಡಪ್ಪ ಸಾರಿದ. ಜನ ಶಿಳ್ಳೆ ಹಾಕಿದರು.

ಕೊನೆಗೆ ಆವುಲಪ್ಪನದು. ಎಂಟು ಹನಿ ಬಿಟ್ಟು ಕಾಯಿಸುತ್ತಿದ್ದಂತೆ ನೀಲಿ ಕದಡಿತು, ಹಸಿರಾಯಿತು, ಹಳದಿಯಾಯಿತು. ಸಾಬರು ದೀಪದಿಂದ ಎತ್ತುವಷ್ಟರಲ್ಲಿ ಕೊಳವೆಯ ತುಂಬ ಇಟ್ಟಿಗೆಯ ಕೆಂಪು. ಕೈಯಲ್ಲಿ ಮುಚ್ಚಿಟ್ಟುಕೊಳ್ಳೋಣವೆಂದರೆ ಮುಂದಿನ ಸಾಲಿನವರು ಆಗಲೇ ನೋಡಿಬಿಟ್ಟಿದ್ದರು.

ಮೈದಾನದಲ್ಲಿ ಗದ್ದಲ ಎದ್ದಿತು. ಗೌರಿಬಿದನೂರಿನವರು ಮುನಿಗಂಗಪ್ಪನನ್ನು ಹೆಗಲ ಮೇಲೆ ಎತ್ತಿಕೊಂಡರು. ಇಂಜೆಕ್ಷನ್ ಕಳ್ಳ ಎಂದು ಯಾರೋ ಕೂಗಿದ. ಕೊಂಡಪ್ಪನ ಮುಖ ಬಿಳಿಚಿತು, ಆದರೂ ಮೈಕು ಅವನ ಕೈಯಲ್ಲಿತ್ತು, ಮೈಕು ಕೈಯಲ್ಲಿದ್ದಾಗ ಸುಮ್ಮನಿರಲು ಅವನಿಗೆ ಬರುತ್ತಿರಲಿಲ್ಲ. ಪರೀಕ್ಷೆಯಲ್ಲಿ ಮದ್ದು ಪತ್ತೆಯಾಗಿದೆ ಎಂದು ಸಾರಿಯೇಬಿಟ್ಟ. ಆವುಲಪ್ಪ ಬರಿಗಾಲಿನಲ್ಲಿ ಮೇಜಿನ ಹತ್ತಿರ ಬಂದ.

“ಬೆಳಗ್ಗೆ ಒಂದು ಮುದ್ದೆ ಉಂಡಿದ್ದು ಬಿಟ್ರೆ ನಾನೇನೂ ಮುಟ್ಟಿಲ್ಲ ಸಾಬ್ರೆ. ಗಡಿಯಾರ ಯಾರಿಗಾದ್ರೂ ಕೊಟ್ಕೊಳ್ಳಿ. ಈ ಮಾತು ಸಂಜೆಗೆಲ್ಲ ನಮ್ಮೂರಿಗೆ ಹೋಗ್ತದೆ. ನಾಳೆ ನಾನು ತೂಬು ಎತ್ತಿದ್ರೆ, ಸರಿಯಾಗಿ ಹಂಚಿದ್ನಾ ಅಂತ ಜನ ಅನುಮಾನ ಪಡ್ತಾರೆ. ಕಳ್ಳ ಅನ್ನಿಸ್ಕೊಂಡೋನು ನೀರುಗಂಟಿ ಆಗಕ್ಕಾಗಲ್ಲ.”

ದಸ್ತಗಿರ್ ಸಾಬರಿಗೆ ನಾಚಿಕೆಯಾಯಿತು. ಕುರ್ಚಿಯ ಆಸೆಗೆ ಬಿದ್ದು ಎಂಥ ಕೆಲಸ ಮಾಡಿದೆ ಎನ್ನಿಸಿತು. ಅದರ ಜೊತೆಗೆ ಇನ್ನೊಂದು ವಿಷಯವೂ ತಟ್ಟನೆ ಹೊಳೆಯಿತು. ಅವರು ಆವುಲಪ್ಪನನ್ನು ಹತ್ತಿರಕ್ಕೆ ಎಳೆದುಕೊಂಡು, ರಾತ್ರಿ ಎಷ್ಟು ಸಲ ಏಳುತ್ತೀಯ ಎಂದು ಮೆಲ್ಲಗೆ ಕೇಳಿದರು. ನಾಲ್ಕೈದು ಸಲ ಎಂದ. ಬಾಯಾರಿಕೆ? ಚೆಂಬುಗಟ್ಟಲೆ ಕುಡಿದರೂ ತೀರದು. ಮೈ ಇಳಿದಿದೆಯೇ? ಒಂದು ವರ್ಷದಿಂದ ಇಳಿಯುತ್ತಲೇ ಇದೆ, ಯಾರೋ ಮಾಟ ಮಾಡಿಸಿದ್ದಾರೆ ಎಂದು ಹೆಂಡತಿ ಅಳುತ್ತಾಳೆ ಎಂದ. ಪೊದೆಯ ಹಿಂದಿನ ಇಂಜೆಕ್ಷನ್ ಏನೆಂದು ಸಾಬರಿಗೆ ಈಗ ಸ್ಪಷ್ಟವಾಯಿತು.

ಬಾಯಿ ಮುಚ್ಚಿಕೊಂಡಿದ್ದರೆ ಅವರ ದೀಪದ ಹೆಸರು ಉಳಿಯುತ್ತಿತ್ತು. ಬಾಯಿ ಬಿಟ್ಟರೆ ಹತ್ತು ಹಳ್ಳಿಯ ಮುಂದೆ ನಗೆಪಾಟಲು. ಸಾಬರು ಎದ್ದು ಕೊಂಡಪ್ಪನ ಕೈಯಿಂದ ಮೈಕು ಕಿತ್ತುಕೊಂಡರು. ಹಿಂದೆಂದೂ ಮೈಕು ಹಿಡಿದವರಲ್ಲ, ಬಾಯಿಗೆ ತೀರ ಹತ್ತಿರ ಹಿಡಿದದ್ದರಿಂದ ಮೊದಲ ಮಾತು ಗೊರಗೊರ ಎಂದಿತು.

“ಇದು ಡೋಪ್ ಪರೀಕ್ಷೆ ಅಲ್ಲ. ನಾನು ನಿಮಗೆಲ್ಲ ಸುಳ್ಳು ಹೇಳ್ದೆ. ಇದು ಬರೀ ಸಕ್ಕರೆ ಕಾಯಿಲೆ ನೋಡೋ ನೀರು. ಆವುಲಪ್ಪ ಮದ್ದು ತಗೊಂಡಿಲ್ಲ, ಅವನಿಗೆ ಕಾಯಿಲೆ ಐತೆ. ಅದನ್ನ ಇಟ್ಕೊಂಡೇ ಅವನು ನಿಮ್ಮನ್ನೆಲ್ಲ ಸೋಲ್ಸಿದ್ದಾನೆ.”

ಜನ ನಂಬಲಿಲ್ಲ. ಹತ್ತು ವರ್ಷ ಅವರ ಚೀಟಿಯನ್ನು ಕಣ್ಣು ಮುಚ್ಚಿ ನಂಬಿದವರು, ಅವರು ನಿಜ ಹೇಳಿದ ದಿನವೇ ನಂಬಲಿಲ್ಲ. ಸಾಬರು ನೀರುಗಂಟಿಯ ಪರ ವಹಿಸುತ್ತಿದ್ದಾರೆ ಎಂದರು. ಎಷ್ಟು ತಿಂದಿರಿ ಎಂದು ಒಬ್ಬ ಕೇಳಿದ. ಓಡುವವನಿಗೆ ಎಲ್ಲಾದರೂ ಸಕ್ಕರೆ ಕಾಯಿಲೆ ಉಂಟೇ ಎಂದು ಇನ್ನೊಬ್ಬ, ಸಾಬರದೇ ಮಾತನ್ನು ಸಾಬರಿಗೇ ಹೇಳಿದ.

ಆಗ ವೆಂಕಟರಾಮಪ್ಪನವರು ಮೆಲ್ಲಗೆ ಎದ್ದರು. ಪೇಟ ಸರಿಮಾಡಿಕೊಂಡು ಮೈಕಿನ ಹತ್ತಿರ ಬಂದರು. ಒಮ್ಮೆ ಆವುಲಪ್ಪನ ಕಡೆ, ಒಮ್ಮೆ ಆ ಕೆಂಪು ಕೊಳವೆಯ ಕಡೆ ನೋಡಿ, ತಮ್ಮ ತೆಲುಗು ಬೆರೆತ ಮಾತಿನಲ್ಲಿ ಜನರನ್ನೇ ಕೇಳಿದರು.

“ಏಂ ನಾಯನಾ, ಈ ನೀರಲ್ಲಿ ಎಂಟು ವರ್ಷದಿಂದ ಪ್ರತಿ ಸೋಮವಾರ ನಂದೂ ಇದೇ ಕೆಂಪು ಬರ್ತದೆ. ನಾನು ಯಾವ ರೇಸು ಓಡಿದ್ದೀನಪ್ಪ?”

ಮೈದಾನಕ್ಕೆ ಮೈದಾನವೇ ನಗತೊಡಗಿತು. ಮನೆಯಿಂದ ಹೋಟೆಲಿಗೆ ಹೋಗಲೂ ಎತ್ತಿನಗಾಡಿ ಹೂಡಿಸುವ ವೆಂಕಟರಾಮಪ್ಪನವರು ಚಡ್ಡಿ ಹಾಕಿಕೊಂಡು ರಸ್ತೆಯಲ್ಲಿ ಓಡುವುದು ಎಲ್ಲರ ಕಣ್ಣಿಗೂ ಒಟ್ಟಿಗೆ ಕಟ್ಟಿರಬೇಕು. ಗೌರಿಬಿದನೂರಿನವರೂ ನಕ್ಕರು, ಮುನಿಗಂಗಪ್ಪನನ್ನು ಹೆಗಲಿನಿಂದ ಇಳಿಸಿ ನಕ್ಕರು. ಗಡಿಯಾರವನ್ನು ವೆಂಕಟರಾಮಪ್ಪನವರು ತಮ್ಮ ಕೈಯಾರೆ ಆವುಲಪ್ಪನ ಮಣಿಕಟ್ಟಿಗೆ ಕಟ್ಟಿದರು. ಅವರ ಮನೆಯಾಕೆ ಅಮ್ಮಾಜಮ್ಮನವರು ಹೆಂಗಸರ ಸಾಲಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು, ಅಂದಿನಿಂದ ಆ ಮನೆಯಲ್ಲಿ ಒಬ್ಬಟ್ಟಿನ ಡಬ್ಬಕ್ಕೆ ಬೀಗ ಬಿತ್ತು.

ಮುಂದಿನ ಸೋಮವಾರ ಸಾಬರು ತಲೆ ತಗ್ಗಿಸಿಕೊಂಡೇ ಆಸ್ಪತ್ರೆಗೆ ಹೋದರು. ಕೋಣೆಯ ಮುಂದೆ ಮೂವತ್ತಕ್ಕೂ ಹೆಚ್ಚು ಜನ ಸೀಸೆ ಹಿಡಿದು ಸಾಲಾಗಿ ನಿಂತಿದ್ದರು. ಓಡುವವನಿಗೇ ಬಂದಿದೆ ಎಂದ ಮೇಲೆ ನಮಗೂ ಇದ್ದೀತು ಎಂದು ಎಲ್ಲರಿಗೂ ಅನುಮಾನ. ಆ ದಿನ ನಾಲ್ಕು ಜನರಲ್ಲಿ ಸಕ್ಕರೆ ಸಿಕ್ಕಿತು, ನಾಲ್ವರಿಗೂ ಅಷ್ಟರವರೆಗೆ ಗೊತ್ತೇ ಇರಲಿಲ್ಲ. ವೆಂಕಟರಾಮಪ್ಪನವರು ಮೊದಲ ಸಲ ಮುಂಬಾಗಿಲಿನಿಂದ ಬಂದರು. ಮಧ್ಯಾಹ್ನ ಸಾಲು ಕರಗಿದ ಮೇಲೆ ಮುನಿಗಂಗಪ್ಪ ಬಂದ. ಓಟದ ದಿನ ಐದು ದಮ್ಮಿನ ಮಾತ್ರೆ ನುಂಗಿದ್ದೆ, ಈಗಲೂ ಆಗಾಗ ಎದೆ ಹೊಡೆದುಕೊಂಡಂತಾಗುತ್ತದೆ, ಏನೂ ಆಗುವುದಿಲ್ಲ ತಾನೇ ಎಂದು ಕೇಳಿದ. ಸಾಬರು ಅವನಿಗೆ ಕನ್ನಡದಲ್ಲಿ ಬೈದು, ಸಾಲದೆಂದು ತೆಲುಗಿನಲ್ಲಿಯೂ ಬೈದು, ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮರುವರ್ಷ ಅವನು ಏನನ್ನೂ ನುಂಗದೆ ಓಡಿ ಐದನೆಯವನಾಗಿ ಬಂದ, ಬಂದು ಎರಡು ಇಡ್ಲಿ ಹೆಚ್ಚಾಗಿಯೇ ತಿಂದ.

ಆವುಲಪ್ಪನನ್ನು ಸಾಬರೇ ಬಸ್ಸು ಹತ್ತಿಸಿ ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಮಾತ್ರೆ ಶುರುವಾಯಿತು, ರಾತ್ರಿಯ ಊಟದ ಎರಡು ಮುದ್ದೆ ಒಂದಾಯಿತು. ಮಾಟ ತೆಗೆಸಲು ಸಾಕಿಟ್ಟಿದ್ದ ಕೋಳಿಯನ್ನು ಅವನ ಹೆಂಡತಿ ಸಾಬರ ಮನೆಗೆ ಕಳಿಸಿಕೊಟ್ಟಳು. ಊರ ಮಕ್ಕಳು ಸಾಬರಿಗೆ ‘ಡೋಪ್ ಸಾಬರು’ ಎಂದು ಹೊಸ ಹೆಸರಿಟ್ಟವು. ಹಳೆಯದಕ್ಕಿಂತ ಇದೇ ಎಷ್ಟೋ ಮೇಲು ಎಂದಳು ಶಹಜಾದಿ.

ಆ ಹೆಸರು ಅವರು ವರ್ಗವಾಗಿ ಹೋದಲ್ಲೆಲ್ಲ ಹಿಂದೆಯೇ ಹೋಯಿತು. ತೊಂಬತ್ತಾರರಲ್ಲಿ ಅವರು ಚಿಕ್ಕಬಳ್ಳಾಪುರದಲ್ಲಿದ್ದರು. ಒಂದು ದಿನ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂತಿದ್ದಾಗ, ಪೇಪರಿನಲ್ಲಿ ಮತ್ತೆ ಯಾರೋ ಓಟಗಾರರು ಮದ್ದು ತೆಗೆದುಕೊಂಡು ಸಿಕ್ಕಿಬಿದ್ದ ಸುದ್ದಿ ಬಂದಿತ್ತು. ಪಕ್ಕದ ಮೇಜಿನ ಹುಡುಗರು ಸಾಬರನ್ನು ಗುರುತಿಸಿ, ಡೋಪ್ ಸಾಬರನ್ನೇ ಕಳಿಸಬೇಕಾಗಿತ್ತು, ಎಲ್ಲರ ಸಕ್ಕರೆಯನ್ನಾದರೂ ನೋಡುತ್ತಿದ್ದರು ಎಂದು ಕಿಚಾಯಿಸಿದರು. ಸಾಬರು ಎಂದಿನಂತೆ ನಕ್ಕರು. ಮಾತ್ರೆಗೆಂದು ಬಂದು ಅವರ ಎದುರಿಗೇ ಕೂತಿದ್ದ ಆವುಲಪ್ಪ, ಸಕ್ಕರೆ ಹಾಕದ ಟೀ ಲೋಟವನ್ನು ಕೆಳಗಿಟ್ಟ.

“ನಗ್ರಪ್ಪ, ನಗ್ರಿ. ಅವತ್ತು ಇವ್ರು ಬಾಯಿ ಮುಚ್ಕೊಂಡಿದ್ದಿದ್ರೆ ನಾನು ಕಳ್ಳ ಅನ್ನಿಸ್ಕೊಂಡು ಸತ್ತಿರ್ತಿದ್ದೆ. ಈಗ ರೋಗಿ ಅನ್ನಿಸ್ಕೊಂಡು ಬದುಕಿದೀನಿ. ಇವತ್ತಿಗೂ ನಮ್ಮೂರಾಗೆ ತೂಬು ಎತ್ತೋನು ನಾನೇ.”

ದಸ್ತಗಿರ್ ಸಾಬರಿಗೆ ಅಳು ಬಂತು, ತುಂಬಿದ ಹೋಟೆಲಿನಲ್ಲಿ ಅದನ್ನು ಮುಚ್ಚಿಡಲು ಅವರು ಪ್ರಯತ್ನವನ್ನೂ ಪಡಲಿಲ್ಲ.